ಹೆಂಚಿನ ಮೇಲಿನ ಇಸವಿ, ಮನೆಯ ಸನದು

ನಮ್ಮ ಶಿಕಾರಿಪುರ, ಸೊರಬ ಸೀಮೆಯಲ್ಲಿ ಹಳೆಯ ಮನೆಯೊಂದರ ವಯಸ್ಸನ್ನು ಕೇಳಿದರೆ ಮನೆಯವರು ಬಹುಮಟ್ಟಿಗೆ ಒಂದು ಹೆಂಚನ್ನು ತೆಗೆದು ಮಗುಚಿ ತೋರಿಸುತ್ತಾರೆ. ಅದರ ಅಡಿಮೈಯಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆಯ ಹೆಸರು ಆಂಗ್ಲ ಅಕ್ಷರಗಳಲ್ಲಿ ಉಬ್ಬಿ ನಿಂತಿರುತ್ತದೆ. ಜೊತೆಗೆ 1865 ಎಂಬ ಇಸವಿ. ಅಲ್ಲಿಗೆ ವಾದ ಮುಗಿಯಿತು, ಮನೆ 1865ರದ್ದು! ಇದೇ ಮಾತನ್ನು ನಾವು ಕನಿಷ್ಠ ಏಳೆಂಟು ಮನೆಗಳಲ್ಲಿ ಕೇಳಿದ್ದೇವೆ. ಅವುಗಳಲ್ಲಿ ಒಂದು ಮನೆಯ ಪಾಯವನ್ನು ತಮ್ಮ ಕಣ್ಣೆದುರೇ ತೋಡಿದರೆಂದು ಹೇಳುವ ಹಿರಿಯರೊಬ್ಬರು ಅದೇ ಜಗುಲಿಯ ಮೇಲೆ ಕುಳಿತಿದ್ದರು.

1865 ಎಂಬುದು ಹೆಂಚು ಬೆಂದ ವರ್ಷವಲ್ಲ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ವರ್ಷ ಅದು. ಅನಂತರ ದಶಕಗಳ ಕಾಲ ಅಚ್ಚಿನಿಂದ ಹೊರಬಂದ ಹೆಂಚುಗಳೂ ಅದೇ ಇಸವಿಯನ್ನು ಹೊತ್ತುಕೊಂಡೇ ಬಂದವು. ಬೇಕರಿಯ ಹಲಗೆಯ ಮೇಲೆ 'ಸ್ಥಾಪನೆ 1950' ಎಂದು ಬರೆದಿದ್ದರೆ ಗಾಜಿನೊಳಗಿನ ಬಿಸ್ಕತ್ತು ಆ ವರ್ಷದ್ದೆಂದು ಯಾರೂ ಭಾವಿಸುವುದಿಲ್ಲ. ಹೆಂಚಿನ ವಿಷಯದಲ್ಲಿ ಮಾತ್ರ ಈ ವಿವೇಕ ನಮ್ಮನ್ನು ಬಿಟ್ಟುಹೋಗುತ್ತದೆ. ಹಾಗೆಂದು ಹೆಂಚು ಸುಳ್ಳು ಹೇಳುತ್ತಿದೆಯೆಂದೂ ಅಲ್ಲ. ಅದನ್ನು ಕೇಳಬೇಕಾದ ಪ್ರಶ್ನೆ ಬೇರೆ. ಮೊದಲನೆಯ ಮಹಾಯುದ್ಧದ ಸಂದರ್ಭದಲ್ಲಿ ಬಾಸೆಲ್ ಮಿಶನ್ನಿನ ಉದ್ಯಮಗಳನ್ನು ಬ್ರಿಟಿಷ್ ಸರಕಾರ ವಶಪಡಿಸಿಕೊಂಡಿತು. ಯುದ್ಧದ ನಂತರ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಗೆ ಹೋದವು, ಹೆಂಚಿನ ಮೇಲಿನ ಹೆಸರೂ ಬದಲಾಯಿತು. ಆದುದರಿಂದ ಹೆಂಚಿನ ಕಾಲವನ್ನು ತಿಳಿಯಲು ಇಸವಿಗಿಂತ ಹೆಸರೇ ಹೆಚ್ಚು ನಂಬತಕ್ಕ ಸಾಕ್ಷಿ. ಇನ್ನು, ನಮ್ಮ ಕಡೆಯ ಮಂಗಗಳ ಉಪಕಾರದಿಂದ ಪ್ರತಿ ಮಳೆಗಾಲಕ್ಕೆ ಮುಂಚೆ ನಾಲ್ಕು ಹೆಂಚು ಹೊಸದಾಗಿ ಹೊದಿಸುವುದು ವಾಡಿಕೆಯಾದ್ದರಿಂದ, ಒಂದೇ ಮಾಡಿನ ಮೇಲೆ ಐದಾರು ಕಾರ್ಖಾನೆಗಳ ಹೆಂಚುಗಳು ಕೂಡಿ ಬಾಳುತ್ತಿರುತ್ತವೆ. ಮಾಡಿಗೆ ಒಂದು ವಯಸ್ಸಿಲ್ಲ, ಹಲವು ವಯಸ್ಸುಗಳಿವೆ.

ಹೆಂಚಿನ ಈ ಚಿಕ್ಕ ಸಂಗತಿಯಿಂದ ಆರಂಭಿಸಿದ್ದಕ್ಕೆ ಕಾರಣವಿದೆ. ನಮ್ಮ ಸಮುದಾಯದಲ್ಲಿ ಇತಿಹಾಸವೆಂದರೆ ಬಿಜಾಪುರದ ಗುಮ್ಮಟ, ಶ್ರೀರಂಗಪಟ್ಟಣದ ಕೋಟೆ, ಸುಲ್ತಾನರ ಖಡ್ಗ. ವಾರ್ಷಿಕ ಜಲ್ಸಾಗಳ ಭಾಷಣಗಳಲ್ಲಿಯೂ, ಮಕ್ಕಳ ಪ್ರಬಂಧ ಸ್ಪರ್ಧೆಗಳಲ್ಲಿಯೂ ಇವೇ ಬರುತ್ತವೆ. ಅವುಗಳ ಮಹತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಎರಡು ತಾಲ್ಲೂಕುಗಳಲ್ಲಿ ತಲೆತಲಾಂತರದಿಂದ ಬೆಲ್ಲ, ಭತ್ತ, ಅಡಿಕೆ, ಬಟ್ಟೆ, ಚರ್ಮಗಳ ವ್ಯಾಪಾರ ಮಾಡಿಕೊಂಡು, ಬೇಸಾಯ ಮಾಡಿಕೊಂಡು ಬದುಕಿದ ಸಾಮಾನ್ಯ ಮುಸ್ಲಿಮರ ಇತಿಹಾಸ ಯಾವ ಕೋಟೆಯಲ್ಲಿಯೂ ಇಲ್ಲ. ಬಿ. ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟವನ್ನು 1902ರಲ್ಲಿಯೂ ಎಂಟನೆಯದನ್ನು 1904ರಲ್ಲಿಯೂ ಹೊರತಂದು ಈ ಸೀಮೆಯ ಶಾಸನಗಳನ್ನು ಲೋಕಕ್ಕೆ ತೋರಿಸಿದರು. ತಾಳಗುಂದ, ಬಳ್ಳಿಗಾವಿಗಳ ರಾಜರಿಗೂ ಮಠಗಳಿಗೂ, ಸೊರಬದ ಊರೂರಿನ ವೀರಗಲ್ಲುಗಳ ವೀರರಿಗೂ ಅಲ್ಲಿ ಸ್ಥಾನ ದೊರೆಯಿತು. ಶಿರಾಳಕೊಪ್ಪದ ಸಂತೆಯಲ್ಲಿ ತಕ್ಕಡಿ ಹಿಡಿದು ನಿಂತವನಿಗೆ ಯಾರೂ ಕಲ್ಲು ನೆಡಲಿಲ್ಲ. ಅವನ ಶಾಸನವೆಂದರೆ ಅವನ ಮನೆ.

ಶಿಕಾರಿಪುರವೆಂಬ ಹೆಸರನ್ನೇ ನೋಡಿ. ಕೆಳದಿಯ ಅರಸರ ಕಾಲದಲ್ಲಿ ಮಹಾದಾನಪುರವೆನಿಸಿದ್ದ ಊರಿಗೆ, ಬೇಟೆಯ ಪ್ರಾಣಿಗಳು ಯಥೇಚ್ಛವಾಗಿ ದೊರೆತ ಕಾರಣ, ಮೈಸೂರು ನವಾಬರ ಆಳ್ವಿಕೆಯಲ್ಲಿ ಈ ಹೆಸರು ಬಂತೆಂದು ಗೆಜೆಟಿಯರುಗಳು ಹೇಳುತ್ತವೆ. ಫಾರಸಿಯ 'ಶಿಕಾರ್' ಹಾಗೂ ಸಂಸ್ಕೃತದ 'ಪುರ' ಇಲ್ಲಿ ಒಂದೇ ಪದವಾಗಿ ಕೂತಿವೆ. ದಿನಕ್ಕೆ ಹತ್ತು ಬಾರಿ ಅದನ್ನು ಉಚ್ಚರಿಸುವ ಬಸ್ಸಿನ ನಿರ್ವಾಹಕನಿಗೆ ಆ ಬೆಸುಗೆ ಕಾಣಿಸುವುದಿಲ್ಲ. ಮನೆಯೊಳಗಿನ ಮಾತುಗಳೂ ಹೀಗೆಯೇ. ನಾವು ಕೂರುವ 'ಕುರ್ಚಿ' ಅರಬಿಯ ಕುರ್ಸಿ. ಬಾಗಿಲು ತೆರೆಯುವ 'ಚಾವಿ', ಬಟ್ಟೆ ಇಡುವ 'ಅಲಮಾರು' ಪೋರ್ಚುಗೀಸರಿಂದ ಬಂದವು. ತೊಲೆ, ಬೋದಿಗೆ, ಹೊಸ್ತಿಲು, ಅಗುಳಿಗಳು ನೆಲದವು. ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದಿದ ನಮಗೆ ಹಳೆಯ ಮನೆಯನ್ನು ಸುತ್ತುವುದೆಂದರೆ ನಿಘಂಟಿನ ಪುಟಗಳನ್ನು ತಿರುವಿದಂತೆಯೇ ಸರಿ.

ಕಳೆದ ಮಳೆಗಾಲ ಮುಗಿದ ಮೇಲೆ ಶಿರಾಳಕೊಪ್ಪದ ಆಸುಪಾಸಿನಲ್ಲಿ ಇಂತಹ ಮನೆಯೊಂದನ್ನು ಬಿಚ್ಚಿದರು. ಸಹೋದರರ ನಡುವೆ ಪಾಲಾಗಿತ್ತು. ಗೋಡೆ ಒಂದು ಕಡೆ ವಾಲಿತ್ತು. ರಿಪೇರಿಗೆ ತಗಲುವ ಹಣದಲ್ಲಿ ಎರಡು ಹೊಸ ಮನೆಗಳಾಗುತ್ತಿದ್ದವು. ಇದನ್ನು ದೂರುವವರು ಆ ಮನೆಯಲ್ಲಿ ಒಂದು ಮಳೆಗಾಲವನ್ನು ಕಳೆಯಬೇಕಿತ್ತು. ಮನೆಯ ಹಿರಿಯ ಹೆಂಗಸು, ಎಂಬತ್ತು ದಾಟಿದ ತಾಯಿ, ಕಾಗದಗಳನ್ನು ನೋಡಿಕೊಡಲು ನಮಗೆ ಹೇಳಿಕಳುಹಿಸಿದ್ದರು. ಅವರ ಅನುಮತಿಯಿಂದಲೇ ನಾವು ಇದನ್ನು ಬರೆಯುತ್ತಿದ್ದೇವೆ, ಹೆಸರು ಬೇಡವೆಂದರು.

ಮೊದಲು ಬಾಗಿಲು. ಹಲಸಿನ ಮರದ ಬಾಗಿಲವಾಡ, ಕೈಯಗಲದ ಪಟ್ಟಿಗಳ ತುಂಬ ಬಳ್ಳಿ, ಬಳ್ಳಿಯ ತಿರುವಿಗೊಂದು ಹೂ. ಮಲೆನಾಡಿನ ಇಂತಹ ಬಾಗಿಲುಗಳಲ್ಲಿ ಮೇಲ್ಪಟ್ಟಿಯ ನಡುವೆ ಗಜಲಕ್ಷ್ಮಿಯನ್ನು ಕೆತ್ತುವುದು ಸಾಮಾನ್ಯ. ಇಲ್ಲಿ ಆ ಜಾಗವಿತ್ತು. ಎರಡೂ ಕಡೆಗಳಿಂದ ಬಳ್ಳಿ ಅದರವರೆಗೆ ಬಂದು ನಿಂತಿತ್ತು. ಕಟ್ಟುಹಾಕಿದ ಚೌಕ ಮಾತ್ರ ಖಾಲಿಯಾಗಿತ್ತು, ನುಣುಪಾಗಿ ಕೀಸಿದ ಬರಿಯ ಮರ. ಬಡಗಿಗೆ ಒಂದು ಹೂವನ್ನಾದರೂ ತುಂಬುವುದು ಕಷ್ಟವೇನಾಗಿರಲಿಲ್ಲ. ತನ್ನ ಪರಂಪರೆಯ ಅಳತೆಯನ್ನೂ ಕೆಡಿಸದೆ, ಮನೆಯವರ ತೌಹೀದನ್ನೂ ನೋಯಿಸದೆ ಆತ ಆ ಚೌಕವನ್ನು ಹಾಗೆಯೇ ಬಿಟ್ಟಿದ್ದ. ಇದರ ಕುರಿತು ಮಾತುಕತೆ ನಡೆದಿತ್ತೋ ಇಲ್ಲವೋ, ಅಂತೂ ಇಬ್ಬರಿಗೂ ಒಪ್ಪಿಗೆಯಾದ ಒಂದು ಉತ್ತರ ಅಲ್ಲಿತ್ತು. ಕೋಮು ಸೌಹಾರ್ದದ ಭಾಷಣಗಳಲ್ಲಿ ಸಿಗದ ಒಂದು ಸೂಕ್ಷ್ಮ ಆ ನಾಲ್ಕು ಬೆರಳಗಲದ ಖಾಲಿ ಮರದಲ್ಲಿದೆಯೆಂದು ನಮಗನಿಸಿತು.

ಒಳಗೆ ನಡುಮನೆಯ ಪಡುವಣ ಗೋಡೆಯಲ್ಲಿ ಅಕ್ಕಪಕ್ಕ ಎರಡು ಗೂಡುಗಳು. ಒಂದರ ನೆತ್ತಿ ಮಸಿಯಿಂದ ಕಪ್ಪಾಗಿತ್ತು, ದೀಪದ ಗೂಡು. ಇನ್ನೊಂದು ತುಸು ಎತ್ತರದಲ್ಲಿದ್ದು ಸುಣ್ಣದ ಬಿಳುಪನ್ನು ಉಳಿಸಿಕೊಂಡಿತ್ತು, ಮುಸ್ಹಫ್ ಇಡುವ ತಾಖ್. ದೀಪದ ಬೆಳಕು ಓದುವವನ ಪುಟಕ್ಕೆ ಬೀಳಬೇಕು, ಆದರೆ ಅದರ ಮಸಿ ಗ್ರಂಥಕ್ಕೆ ತಾಗಬಾರದು ಎಂಬ ಲೆಕ್ಕ ಆ ಅಂತರದಲ್ಲಿತ್ತು. ತಾಖಿನಲ್ಲಿದ್ದ ಮಡಚುವ ರೆಹಾಲು ಒಂದೇ ಹಲಗೆಯಿಂದ ಬಿಡಿಸಿದ್ದು, ಕೀಲಿಗೆ ಮೊಳೆಯಿಲ್ಲ. ಸೊರಬ, ಸಾಗರಗಳ ಗುಡಿಗಾರರು ಗಂಧದ ಪೆಟ್ಟಿಗೆಗಳಿಗೆ ಹೆಸರಾದವರು; ಗಂಧದ ಕೆತ್ತನೆಯನ್ನು ಅರಮನೆಗೂ ಬೆಂಡಿನ ಬಾಸಿಂಗವನ್ನು ಬಡವರ ಮದುವೆಗೂ ಅದೇ ಕೈಗಳು ಕೊಟ್ಟಿವೆ. ಈ ರೆಹಾಲು ಗುಡಿಗಾರರದ್ದೆಂದು ಮನೆಯವರು ಹೇಳುತ್ತಾರೆ. ಅಂಚಿನ ಎಲೆಬಳ್ಳಿ ಆ ಮಾತನ್ನು ಬೆಂಬಲಿಸುತ್ತದೆ. ಅದಕ್ಕಿಂತ ಹೆಚ್ಚಾಗಿ ಏನನ್ನೂ ಹೇಳಲು ನಾವು ಸಿದ್ಧರಿಲ್ಲ.

ಇಲ್ಲಿ ಒಂದು ಶಾಸ್ತ್ರದ ಮಾತು. ಹದೀಸ್ ಶಾಸ್ತ್ರದಲ್ಲಿ ಪ್ರತಿ ವರದಿಗೂ ಎರಡು ಭಾಗಗಳಿರುತ್ತವೆ. ಒಂದು ಮತ್ನ್, ಅಂದರೆ ಹೇಳಿಕೆಯ ಪಾಠ. ಇನ್ನೊಂದು ಸನದ್, ಅಂದರೆ ಅದು ಯಾರಿಂದ ಯಾರಿಗೆ ಬಂತು ಎಂಬ ಸರಪಳಿ. ಪಾಠ ಎಷ್ಟೇ ಸುಂದರವಾಗಿದ್ದರೂ ಸರಪಳಿ ಇಲ್ಲದಿದ್ದರೆ ಮುಹದ್ದಿಸರು ಅದನ್ನು ಪ್ರಮಾಣವಾಗಿ ಸ್ವೀಕರಿಸುವುದಿಲ್ಲ. ಕನ್ನಡದ ಕಡತಗಳಲ್ಲಿ ಬರುವ 'ಸನದು', 'ಸನ್ನದು' ಎಂಬ ಪದವೂ ಇದೇ. ಅರಸ ಕೊಟ್ಟ ಭೂಮಿಗೆ ಆಧಾರವಾದ ಪತ್ರವೆಂಬ ಅರ್ಥದಲ್ಲಿ ಅದು ನಮ್ಮ ಶಾನುಭೋಗರ ಬಾಯಿಯಲ್ಲಿ ನೆಲೆಸಿತು. 13ನೆಯ ಶತಮಾನದಲ್ಲಿ ದಮಾಸ್ಕಸ್ಸಿನಲ್ಲಿ ಬೋಧಿಸಿ 1245ರಲ್ಲಿ ನಿಧನರಾದ ಇಬ್ನು ಸ್ಸಲಾಹ್ ತಮ್ಮ ಪ್ರಸಿದ್ಧ ಮುಕದ್ದಿಮದಲ್ಲಿ ಜ್ಞಾನವನ್ನು ಪಡೆಯುವ ಎಂಟು ವಿಧಾನಗಳನ್ನು ಕ್ರಮವಾಗಿ ವಿವರಿಸಿದ್ದಾರೆ. ಗುರುವಿನ ಬಾಯಿಯಿಂದ ನೇರವಾಗಿ ಕೇಳುವುದು ಮೊದಲನೆಯದು. ಕಟ್ಟಕಡೆಯ ಎಂಟನೆಯದಕ್ಕೆ 'ವಿಜಾದಃ' ಎಂದು ಹೆಸರು. ಪದದ ಅರ್ಥ ಇಷ್ಟೇ: ಸಿಕ್ಕಿದ್ದು. ಯಾರದ್ದೋ ಕೈಬರಹದ ಹಾಳೆ ನಮಗೆ ಸಿಕ್ಕಿತು, ಬರೆದವರನ್ನು ನಾವು ಕಾಣಲಿಲ್ಲ, ಅವರ ಬಾಯಿಂದ ಕೇಳಲಿಲ್ಲ. ಆಗ 'ಅವರು ನನಗೆ ಹೇಳಿದರು' ಎನ್ನುವಂತಿಲ್ಲ. 'ಇಂಥವರ ಕೈಬರಹದಲ್ಲಿ ಇದನ್ನು ಕಂಡೆ' ಎಂದೇ ಹೇಳಬೇಕು. ವಿಧಾನಗಳಲ್ಲೆಲ್ಲ ಇದು ದುರ್ಬಲ; ಆದರೂ ವಿದ್ವಾಂಸರು ಇದನ್ನು ಪಟ್ಟಿಯಿಂದ ಕಿತ್ತುಹಾಕಲಿಲ್ಲ. ಕಂಡವನು ಎಲ್ಲಿ ಕಂಡೆನೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕೆಂಬ ಷರತ್ತಿನೊಂದಿಗೆ ಉಳಿಸಿಕೊಂಡರು.

ಹಳೆಯ ಮನೆಯಲ್ಲಿ ಸಿಗುವುದೆಲ್ಲವೂ ವಿಜಾದಃ. ಹೆಂಚು, ನಾಣ್ಯ, ರೆಹಾಲು, ಕಾಗದ, ಯಾವುದೂ ನಮ್ಮೊಡನೆ ಮಾತನಾಡಿದ್ದಲ್ಲ. ಅವು ಎಲ್ಲಿದ್ದವು, ಯಾವುದರ ಪಕ್ಕದಲ್ಲಿದ್ದವು, ಯಾರು ಇಟ್ಟಿದ್ದರು ಎಂಬುದಷ್ಟೇ ಅವುಗಳಿಗೆ ಉಳಿದಿರುವ ಸನದು. ವಸ್ತು ಮನೆಯಿಂದ ಹೊರಟ ಕ್ಷಣದಲ್ಲಿ ಅದು ಕಡಿಯುತ್ತದೆ.

ಅಟ್ಟದ ಮೇಲೆ ಎರಡು ಗೋಣಿಚೀಲಗಳ ತುಂಬ ಕಾಗದಗಳಿದ್ದವು. ಆ ತಾಯಿ ನಮ್ಮನ್ನು ಕರೆಸಿದ್ದು ಅದಕ್ಕಾಗಿಯೇ. "ಹಜ್ರತ್, ಅವನ್ನು ಓದಲು ಬರುವವರು ಈ ಮನೆಯಲ್ಲಿ ಈಗ ಯಾರೂ ಇಲ್ಲ. ಮಕ್ಕಳು ಹೊಳೆಗೆ ಬಿಡೋಣ ಅನ್ನುತ್ತಾರೆ. ಬೇಅದಬಿ ಆಗುವುದಿಲ್ಲವಲ್ಲ?" ಎಂದು ಕೇಳಿದರು.

ಈ ಪ್ರಶ್ನೆ ಒಂದು ಮನೆಯದಲ್ಲ. ಜೀರ್ಣವಾದ ಮುಸ್ಹಫಿನ ಹಾಳೆಗಳನ್ನು ಕಾಲಡಿಗೆ ಬೀಳದಂತೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಜನ ತುಳಿಯದ ಜಾಗದಲ್ಲಿ ಹೂಳಬೇಕೆಂದು ಹನಫಿ ಫಿಕ್ಹಿನ ಗ್ರಂಥಗಳು ತಿಳಿಸುತ್ತವೆ. ಹರಿಯುವ ನೀರಿಗೆ ಬಿಡುವ ವಾಡಿಕೆಯೂ ಇದೆ. ಆದರೆ ಓದು ಕಡಿಮೆಯಾದಂತೆ ಗೌರವ ಮಾತ್ರ ಉಳಿದು, ಅರಬಿ ಲಿಪಿಯಲ್ಲಿರುವ ಯಾವ ಚೂರೂ ಕುರ್‌ಆನಿನದ್ದೇ ಇರಬಹುದೆಂಬ ಭಯ ಬೆಳೆಯಿತು. ಉರ್ದುವಿನ ಭತ್ತದ ಲೆಕ್ಕ, ಮದುವೆಯ ಮಹರಿನ ಚೀಟಿ, ಫಾರಸಿಯ ಜಮೀನಿನ ಪತ್ರ, ತಂಗಿಗೆ ಅಣ್ಣ ಬರೆದ ಕ್ಷೇಮ ಸಮಾಚಾರ ಎಲ್ಲವೂ ಒಂದೇ ಚೀಲ ಸೇರಿ ಕುಮುದ್ವತಿಗೋ ದಂಡಾವತಿಗೋ ಹೋದವು. ದ್ವೇಷದಿಂದಲ್ಲ, ಉದಾಸೀನದಿಂದಲೂ ಅಲ್ಲ, ಭಕ್ತಿಯಿಂದಲೇ ನಾವು ನಮ್ಮ ದಾಖಲೆಗಳನ್ನು ಮುಳುಗಿಸಿದ್ದೇವೆ. 'ನಿಮ್ಮ ಹಿರಿಯರು ಇಲ್ಲಿ ಎಂದಿನಿಂದ ಇದ್ದರು' ಎಂದು ಯಾರಾದರೂ ಕೇಳಿದಾಗ ತಡಕಾಡುವವರಲ್ಲಿ ಎಷ್ಟೋ ಮಂದಿಯ ಉತ್ತರ ಆ ನೀರಿನಲ್ಲಿದೆ.

1972ರಲ್ಲಿ ಯಮನ್ ದೇಶದ ಸನಆ ನಗರದ ಮಹಾ ಮಸೀದಿಯ ಮಾಡನ್ನು ದುರಸ್ತಿ ಮಾಡುತ್ತಿದ್ದಾಗ ಒಳಮಾಳಿಗೆಗೂ ಹೊರಛಾವಣಿಗೂ ನಡುವೆ ಹಳೆಯ ಚರ್ಮಪತ್ರಗಳ ರಾಶಿ ಸಿಕ್ಕಿತು. ಕೆಲಸಗಾರರು ಅವನ್ನು ಚೀಲಗಳಲ್ಲಿ ತುಂಬಿಟ್ಟರು. ಅಲ್ಲಿನ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರಾಗಿದ್ದ ಖಾಝಿ ಇಸ್ಮಾಈಲ್ ಅಲ್ ಅಕ್ವಅ್ ಅವುಗಳ ಬೆಲೆಯನ್ನು ಗುರುತಿಸಿದ ಕಾರಣ, ಕುರ್‌ಆನಿನ ಅತಿ ಪ್ರಾಚೀನ ಪ್ರತಿಗಳ ಕೆಲವು ಹಾಳೆಗಳು ಇಂದು ಲೋಕಕ್ಕೆ ಉಳಿದಿವೆ. ಜೀರ್ಣವಾದುದನ್ನು ಗೌರವದಿಂದ ಮೇಲೆತ್ತಿಟ್ಟವರೂ ನಮ್ಮವರೇ, ಚೀಲ ಬಿಚ್ಚಿ ನೋಡಿದವರೂ ನಮ್ಮವರೇ. ಎರಡನೆಯ ಕೆಲಸವಿಲ್ಲದೆ ಮೊದಲನೆಯದು ಅರ್ಧವೇ.

ನಾವು ಎರಡು ಚೀಲಗಳನ್ನೂ ಜಮಖಾನದ ಮೇಲೆ ಸುರಿದೆವು. ಮುಸ್ಹಫಿನ ಹಾಳೆಗಳು, ಪಂಜ್‌ಸೂರದ ಚೂರುಗಳು ಒಂದು ಕಡೆ. ಅವು ಇಡೀ ರಾಶಿಯ ನಾಲ್ಕನೆಯ ಒಂದು ಪಾಲೂ ಆಗಲಿಲ್ಲ. ಉಳಿದದ್ದು ವ್ಯವಹಾರ, ಸಂಸಾರ. ಹೊಲಿದ ಒಂದು ಬಯಾಝ್, ಅಂದರೆ ಮನೆಯ ಟಿಪ್ಪಣಿ ಪುಸ್ತಕ, ಕೈಗೆ ಬಂತು. ಕೆಮ್ಮಿಗೆ ಆಡುಸೋಗೆಯ ಕಷಾಯ, ಎತ್ತಿನ ಕಾಲು ಬಾವಿಗೆ ಲೇಪ, ಯಾರಿಗೆ ಎಷ್ಟು ಕೊಳಗ ಭತ್ತ ಸಾಲ ಕೊಟ್ಟದ್ದು. ಇವುಗಳ ನಡುವೆ ಮಕ್ಕಳ ಜನನದ ಸಾಲುಗಳು. ಒಂದು ಮಗುವಿನ ಹುಟ್ಟನ್ನು ಉರ್ದುವಿನಲ್ಲಿ ಹಿಜರಿ 1345ರ ಶವ್ವಾಲ್ ತಿಂಗಳೆಂದು ಬರೆದು, ಅದರ ಕೆಳಗೇ, ಅದೇ ಮಸಿಯಲ್ಲಿ, ಕನ್ನಡ ಅಕ್ಷರಗಳಲ್ಲಿ 'ಪ್ರಭವ ಸಂವತ್ಸರ, ಚೈತ್ರ' ಎಂದು ಬರೆದಿತ್ತು. ನಾವು ಲೆಕ್ಕ ಹಾಕಿ ನೋಡಿದೆವು. ಎರಡೂ 1927ರ ಏಪ್ರಿಲಿಗೆ ಸರಿಯಾಗಿ ಬಂದು ನಿಲ್ಲುತ್ತವೆ. ಚಂದ್ರನನ್ನು ನೋಡಿ ಈದ್ ಆಚರಿಸಿದ ಮನೆ, ಪಂಚಾಂಗವನ್ನು ಕೇಳಿ ಬಿತ್ತನೆ ಮಾಡಿದ ಮನೆ. ಮಗುವಿಗೆ ಎರಡೂ ಕಾಲಗಣನೆಗಳಲ್ಲಿ ಜಾಗ ಕೊಟ್ಟಿತ್ತು. ಅದನ್ನು ಓದಿ ಹೇಳಿದಾಗ ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಮ್ಮ ಮನೆಯವರ ದೊಡ್ಡಣ್ಣ. ಆರು ತಿಂಗಳಿಗೇ ಹೋದರಂತೆ. ಹೆಸರು ಕೇಳಿದ್ದೆ, ಬರೆದಿಟ್ಟಿದ್ದರು ಅನ್ನುವುದು ಗೊತ್ತಿರಲಿಲ್ಲ" ಎಂದರು.

ಚೀಲದ ತಳದಲ್ಲಿ ಕಪ್ಪು ಬಟ್ಟೆಯ ಮಡಿಕೆಯೊಂದಿತ್ತು. ಸುಟ್ಟ ಬಟ್ಟೆಯೆಂದು ಹುಡುಗರು ಅದನ್ನು ಆಗಲೇ ಕಸಕ್ಕೆ ಎಸೆದಿದ್ದರು. ಅದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಿನ ಪುಡಿ ಬಳಿದು ಒಣಗಿಸಿ, ವಿಸನಕರ್ರೆಯಂತೆ ಹಿಂದುಮುಂದಾಗಿ ಮಡಚಿ, ಬಳಪದಿಂದ ಬರೆಯುವ ನಮ್ಮ ನಾಡಿನ ಲೆಕ್ಕದ ಪುಸ್ತಕ. ಒರೆಸಿ ಮತ್ತೆ ಬರೆಯಬಹುದು. ಒರೆಸದಿದ್ದರೆ ತಲೆಮಾರುಗಳ ಕಾಲ ಬರಹ ನಿಲ್ಲುತ್ತದೆ. ಇಂದು ಸರಕಾರಿ ಕಚೇರಿಗಳಲ್ಲಿ 'ಕಡತ ವಿಲೇವಾರಿ' ಎನ್ನುವಾಗ ಬಳಸುವ ಪದದ ಮೂಲ ಈ ಕಪ್ಪು ಬಟ್ಟೆ. ಕೆಳದಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂತಹ ಕಡತಗಳನ್ನು ಓಲೆಗರಿಗಳ ಜೊತೆಯಲ್ಲಿ ಕಾಣಬಹುದು. ಮುಸ್ಲಿಂ ವ್ಯಾಪಾರಿಯ ಮನೆಯ ಈ ಕಡತದಲ್ಲಿ ಲೆಕ್ಕವೆಲ್ಲ ಕನ್ನಡದಲ್ಲಿತ್ತು: ಬೆಲ್ಲದ ಅಚ್ಚುಗಳು, ಗಾಡಿ ಬಾಡಿಗೆ, ಹಣ, ಆಣೆ, ಪೈ. ದುವಾವನ್ನು ಒಂದು ಲಿಪಿಯಲ್ಲಿ, ದುಡ್ಡನ್ನು ಇನ್ನೊಂದು ಲಿಪಿಯಲ್ಲಿ ಬರೆದವರು ಅವರು.

ನಾಣ್ಯಗಳ ವಿಷಯದಲ್ಲಿ ಹೆಚ್ಚು ಹೇಳುವುದು ಬೇಡವೆಂದಿದ್ದೆವು, ಆದರೆ ಅವುಗಳ ಸುತ್ತ ಬೆಳೆದಿರುವ ಮೂಢತನ ಹೇಳಿಸುತ್ತದೆ. ಹೊಸ್ತಿಲ ಕೆಳಗೆ ಸಿಕ್ಕ ಆನೆಯ ಮುದ್ರೆಯ ತಾಮ್ರದ ಪೈಸೆ ಟಿಪ್ಪು ಸುಲ್ತಾನರದು. ಹಿಂಬದಿಯಲ್ಲಿ 'ನಗರ' ಟಂಕಸಾಲೆಯ ಹೆಸರು ಅರ್ಧ ಸವೆದು ಉಳಿದಿತ್ತು. ಈ ನಗರವೆಂದರೆ ಹೈದರಲಿಯವರು 1763ರಲ್ಲಿ ಗೆದ್ದ ಬಿದನೂರು. ಸುಲ್ತಾನರು 1787ರಲ್ಲಿ ಪ್ರವಾದಿವರ್ಯರ(ಸ) ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ಜಾರಿಗೆ ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದರು. ಆದ್ದರಿಂದ 1215 ಎಂಬುದು ನಮ್ಮ ಕಣ್ಣಿಗೆ 5121 ಎಂದು ಕಾಣುತ್ತದೆ. ಐದು ಸಾವಿರ ವರ್ಷದ ನಾಣ್ಯವೆಂದು ಹೇಳಿ ಮೋಸ ಮಾಡುವವರಿಗೆ ಇಷ್ಟೇ ಸಾಕು. ಆ ಶಕೆಯ ವರ್ಷಗಳು ಹಿಜರಿಯಂತೆ ಶುದ್ಧ ಚಾಂದ್ರಮಾನದವಲ್ಲ, ನಮ್ಮ ಪಂಚಾಂಗದ ಸಂವತ್ಸರಗಳೊಡನೆ ಹೆಜ್ಜೆ ಹಾಕುವಂಥವು. ಅವರ ತಂದೆ ಹೈದರಲಿಯವರ ಚಿನ್ನದ ವರಾಹದಲ್ಲಿ ಇಕ್ಕೇರಿ ವರಾಹದ ಶಿವಪಾರ್ವತಿಯರು ಹಾಗೆಯೇ ಮುಂದುವರಿದು, ಹಿಂಬದಿಯಲ್ಲಿ ಹೈದರ್ ಹೆಸರಿನ ಮೊದಲಕ್ಷರವಾದ ಅರಬಿಯ 'ಹೇ' ಮಾತ್ರ ಸೇರಿತು. ಸಂತೆಯಲ್ಲಿ ಜನ ನಂಬಿದ ನಾಣ್ಯವನ್ನು ಬದಲಿಸಬಾರದೆಂಬ ಜಾಣತನ ಅದು. ಇದನ್ನು ಬಿಟ್ಟು, ಹಳೆಯ ತಾಮ್ರಕ್ಕೆ ಅಕ್ಕಿಯನ್ನು ಸೆಳೆಯುವ ಶಕ್ತಿಯಿದೆ, 'ರೈಸ್ ಪುಲ್ಲಿಂಗ್' ಮಾಡಿಸಿದರೆ ಕೋಟಿಗೆ ಹೋಗುತ್ತದೆ ಎಂದು ಮನೆಮನೆಗೆ ಬರುವ ವಂಚಕರ ಬಲೆಗೆ ನಮ್ಮ ಯುವಕರೂ ಬೀಳುತ್ತಿದ್ದಾರೆ. ಅಂತಹ ಶಕ್ತಿ ಯಾವ ಲೋಹಕ್ಕೂ ಇಲ್ಲ. ನಂಬುವವನ ಹಣವೂ ಹೋಗುತ್ತದೆ, ಈಮಾನಿಗೂ ಗೀರು ಬೀಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಮ್ಮನ್ನು ಹಿಡಿದು ಕೂರಿಸಿದ್ದು ಒಂದು ತಗಡಿನ ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಯಜಮಾನರ ಹೆಸರು, ಊರು, ಕೆಳಗೆ 'ಬೊಂಬಾಯಿ – ಜಿದ್ದಾ'. ಒಳಗೆ ಮೊಗಲ್ ಲೈನ್ ಹಡಗಿನ ಚೀಟಿ, ಕಾಲರಾ ಮತ್ತು ಸಿಡುಬಿನ ಚುಚ್ಚುಮದ್ದಿನ ಪ್ರಮಾಣಪತ್ರ, ಬೆಸುಗೆ ಬಿಚ್ಚಿದ ಝಮ್‌ಝಮಿನ ಖಾಲಿ ಡಬ್ಬಿ. ಮೊಗಲ್ ಲೈನ್ 1877ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದ ಕಂಪನಿ. ಮುಂಬಯಿಯಿಂದ ಹಜ್ ಯಾತ್ರಿಕರ ಕಡಲ ಪ್ರಯಾಣ 1995ರಲ್ಲಿ ಕೊನೆಗೊಂಡಿತು. ರೈಲಿಲ್ಲದ ನಮ್ಮ ತಾಲ್ಲೂಕುಗಳಿಂದ ಹೊರಟವರು ಮೊದಲು ಬಸ್ಸಿನಲ್ಲಿಯೋ ಗಾಡಿಯಲ್ಲಿಯೋ ರೈಲು ಹಿಡಿಯುವ ಊರನ್ನು ತಲುಪಿ, ಅಲ್ಲಿಂದ ಮುಂಬಯಿಗೆ ಹೋಗಿ, ಸಾಬೂ ಸಿದ್ದೀಕ್ ಮುಸಾಫಿರಖಾನೆಯಂತಹ ಕಡೆ ಹಡಗಿಗಾಗಿ ಕಾಯುತ್ತಿದ್ದರು. ಊರು ಬಿಡುವ ಮುನ್ನ ಸಾಲ ತೀರಿಸಿ, ನೆರೆಹೊರೆಯವರಲ್ಲಿ ಕ್ಷಮೆ ಕೇಳಿ, ಹಿಂದಿರುಗುವ ಭರವಸೆಯಿಲ್ಲದವರಂತೆ ಹೊರಡುವುದು ಅಂದಿನ ಕ್ರಮ. ಟ್ರಂಕಿನಲ್ಲಿ ಸಾಲದ ಚೀಟಿಗಳ ಒಂದು ಕಟ್ಟಿತ್ತು, ಪ್ರತಿಯೊಂದರ ಮೇಲೆ ಅಡ್ಡಗೆರೆ ಎಳೆದು 'ತೀರಿತು' ಎಂದು ಕನ್ನಡದಲ್ಲಿ ಬರೆದಿತ್ತು. ಹೆಸರುಗಳಲ್ಲಿ ಎಲ್ಲ ಜಾತಿಯವರೂ ಇದ್ದರು. ಯಾತ್ರೆಯ ಸಿದ್ಧತೆ ಎಂದರೆ ಇಹ್ರಾಮಿನ ಬಟ್ಟೆಯನ್ನು ಕೊಳ್ಳುವುದಷ್ಟೇ ಅಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಖುತುಬಾ ಬೇಕಿಲ್ಲ.

ಇದೇ ಸಂದರ್ಭದಲ್ಲಿ ಓದುಗರಿಗೆ ಒಂದು ಕುತೂಹಲದ ಸಂಗತಿ. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಹಜ್ ಯಾತ್ರಿಕರಿಗಾಗಿಯೇ ಪ್ರತ್ಯೇಕವಾಗಿ 10 ಮತ್ತು 100 ರೂಪಾಯಿಗಳ ನೋಟುಗಳನ್ನು ಹೊರಡಿಸಿತು. ಅವುಗಳ ಬಣ್ಣ ಬೇರೆ, ಕ್ರಮಸಂಖ್ಯೆಗೆ ಮುಂಚೆ 'ಎಚ್‌ಎ' ಎಂಬ ಅಕ್ಷರಗಳು. ನಾವು ನೋಡಿದ ಟ್ರಂಕಿನಲ್ಲಿ ಅಂತಹ ನೋಟು ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಅವು ಸೌದಿ ನೆಲದಲ್ಲಿ ಖರ್ಚಾಗಲೆಂದೇ ಬಂದ ನೋಟುಗಳು. ಇಂದು ಸಂಗ್ರಾಹಕರು ಒಂದೊಂದಕ್ಕೂ ದೊಡ್ಡ ಮೊತ್ತ ಕೊಡುತ್ತಾರೆಂದು ಕೇಳಿ, ಮನೆಯ ಹುಡುಗರು ಟ್ರಂಕಿನ ಅಸ್ತರನ್ನೆಲ್ಲ ಕಿತ್ತು ಹುಡುಕಿದರು. ಸಾಲದ ಚೀಟಿಗಳ ಕಟ್ಟನ್ನು ಯಾರೂ ಕೇಳಲಿಲ್ಲ.

ಮನೆ ಬಿಚ್ಚುವ ಸುದ್ದಿ ನಮಗೆ ತಲುಪುವ ಮುಂಚೆಯೇ ವ್ಯಾಪಾರಿಗೆ ತಲುಪಿತ್ತು. ಬಾಗಿಲು, ನಾಲ್ಕು ಕಂಬ, ಬೋದಿಗೆಗಳು, ಹಿತ್ತಾಳೆಯ ಬದನಾ, ಪಾನ್‌ದಾನ್, ಎಲ್ಲಕ್ಕೂ ಸೇರಿ ಒಂದು ಬೆಲೆ. ವ್ಯಾಪಾರಿಯನ್ನು ನಾವು ದೂರುವುದಿಲ್ಲ. ಅವರು ಬಾರದಿದ್ದರೆ ಕಂಬಗಳು ಬೆಲ್ಲದ ಆಲೆಮನೆಯ ಒಲೆಗೆ ಹೋಗುತ್ತಿದ್ದವು. ಆದರೆ ಆ ಬಾಗಿಲು ಈಗ ಯಾವುದೋ ನಗರದ ಹೋಟೆಲಿನಲ್ಲಿ 'ಹಳೆಯ ಬಾಗಿಲು' ಆಗಿ ನಿಲ್ಲುತ್ತದೆ. ಖಾಲಿ ಚೌಕದ ಅರ್ಥ ಅಲ್ಲಿ ಯಾರಿಗೂ ತಿಳಿಯುವುದಿಲ್ಲ, ಕೆತ್ತನೆ ಪೂರ್ತಿಯಾಗಿಲ್ಲವೆಂದು ಯಾರೋ ಒಬ್ಬರು ಅದರಲ್ಲಿ ಏನನ್ನಾದರೂ ಅಂಟಿಸಿದರೂ ಆಶ್ಚರ್ಯವಿಲ್ಲ. ಮತ್ನ್ ಉಳಿಯಿತು, ಸನದ್ ಹೋಯಿತು.

ಇದಕ್ಕೆ ಬೇರೆ ದಾರಿಯನ್ನು ತೋರಿಸಿದವರು ಘಟ್ಟದ ಕೆಳಗಿನ ಮಣಿಪಾಲದ ವಿಜಯನಾಥ ಶೆಣೈಯವರು. ಬ್ಯಾಂಕಿನ ಉದ್ಯೋಗಿಯಾಗಿದ್ದ ಅವರು, ಉರುಳುತ್ತಿದ್ದ ಮನೆಗಳಿಂದ ಒಂದೊಂದು ಕಂಬವನ್ನು ಮಾತ್ರ ಎತ್ತಿಕೊಳ್ಳದೆ, ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. 2017ರಲ್ಲಿ ತೀರಿಕೊಳ್ಳುವವರೆಗೂ ಅವರು ದುಡಿದ ಆ ಪಾರಂಪರಿಕ ಗ್ರಾಮದಲ್ಲಿ ಭಟ್ಕಳದ ನವಾಯತರ ಮನೆಯೊಂದೂ ಇದೆ. ನಮ್ಮ ಸಮುದಾಯದ ಒಂದು ಮನೆಯನ್ನು ಅದರ ಊರಿನ ಹೆಸರಿನೊಂದಿಗೆ ಉಳಿಸಿಕೊಟ್ಟವರು ನಮ್ಮವರಲ್ಲದ ಒಬ್ಬರು. ಇದನ್ನು ಕೃತಜ್ಞತೆಯಿಂದಲೂ ಸ್ವಲ್ಪ ಸಂಕೋಚದಿಂದಲೂ ನೆನೆಯಬೇಕಾಗಿದೆ.

ಎಲ್ಲರೂ ಮನೆಯನ್ನು ಹೊತ್ತು ತರಲಾಗದು. ಮದ್ರಸದ ಮಕ್ಕಳ ಕೈಗೆ ಒಂದು ನೋಟ್‌ಪುಸ್ತಕವನ್ನು ಕೊಡುವುದು ಸಾಧ್ಯ. ಮನೆ ಬಿಚ್ಚುವ ವಾರ ಹೋಗಿ, ಯಾವ ವಸ್ತು ಯಾವ ಕೋಣೆಯ ಯಾವ ಗೋಡೆಯಲ್ಲಿತ್ತು, ಅದರ ಬಗ್ಗೆ ಯಾರು ಏನು ಹೇಳಿದರು ಎಂದು ಬರೆದುಕೊಳ್ಳುವುದು. ಹೇಳಿದವರು ತಾವೇ ಕಂಡದ್ದೋ ಕೇಳಿದ್ದೋ ಎಂಬುದನ್ನು ಬೇರೆಯಾಗಿ ಗುರುತಿಸುವುದು. ರಾವಿಗಳನ್ನು ತೂಗಿ ನೋಡುವ ವಿದ್ಯೆಯನ್ನು ಕಲಿಸುವ ಮದ್ರಸಕ್ಕಿಂತ ಇದಕ್ಕೆ ತಕ್ಕ ಪಾಠಶಾಲೆ ಬೇರೆ ಯಾವುದು? 1972ರ ಪ್ರಾಚ್ಯವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ಕಲಾವಸ್ತುಗಳೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳೆನಿಸುತ್ತವೆ. ಖಾಸಗಿಯಾಗಿ ಅವನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಇದನ್ನೂ ಮನೆಯವರಿಗೆ ತಿಳಿಸಿಹೇಳಬೇಕು.

ಆ ಮನೆಯ ಮುಸ್ಹಫಿನ ಹಾಳೆಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕಬರಸ್ಥಾನದ ಮೂಲೆಯಲ್ಲಿ ಹೂತೆವು. ಬಯಾಝ್ ತಾಯಿಯ ಬಳಿ ಇದೆ. ಜನನದ ಪುಟಗಳ ಚಿತ್ರಗಳನ್ನು ಮಕ್ಕಳಿಗೆಲ್ಲ ಕಳುಹಿಸಿದ್ದಾಯಿತು. ಕಡತವನ್ನು ಸೊರಬದಲ್ಲಿರುವ ಹಿರಿಯ ಮಗಳು ಕೊಂಡೊಯ್ದರು. ಬಾಗಿಲನ್ನು ಲಾರಿಗೆ ಏರಿಸುವ ಹಿಂದಿನ ದಿನ ಬಡಗಿ ಅದನ್ನು ಗೋಡೆಯಿಂದ ಬಿಡಿಸಿದಾಗ, ಗೋಡೆಯೊಳಗೆ ಹುದುಗಿದ್ದ ಬೆನ್ನಿನಲ್ಲಿ ಉಳಿಯಿಂದ ಕಚ್ಚಿದ ಗುರುತುಗಳು ಕಂಡವು: ಎಡಗಂಬಕ್ಕೆ ಒಂದು ಗೀರು, ಬಲಕ್ಕೆ ಎರಡು, ಮೇಲ್ಪಟ್ಟಿಗೆ ಮೂರು. "ಜೋಡಿಸುವ ಲೆಕ್ಕ, ಮೇಷ್ಟ್ರೇ. ನಾವು ಈಗಲೂ ಹೀಗೇ ಹಾಕೋದು. ಯಾವುದು ಎಲ್ಲಿಗೆ ಸೇರಬೇಕು ಅಂತ ತಪ್ಪಬಾರದಲ್ಲ" ಎಂದು ಅವರು ತಮ್ಮ ಉಗುರಿನಿಂದ ಗೀರಿನ ಧೂಳು ತೆಗೆದರು. ನಮ್ಮ ಜೊತೆಗಿದ್ದ ಹುಡುಗ ಆ ಗುರುತುಗಳನ್ನು ಬರೆದುಕೊಂಡು, ಪಕ್ಕದಲ್ಲಿ 'ಬಡಗಿ ಹೇಳಿದ್ದು, ತಾನು ಕಂಡದ್ದು' ಎಂದು ಸೇರಿಸಿದ.